ತೂಕ ನೋಡಿದ್ದಾಯಿತು, ಹೊಟ್ಟೆಯ ಸುತ್ತಳತೆ?

ತೂಕವೊಂದನ್ನೇ ನಂಬಬಾರದು ಎಂದು ಕಬ್ಬು ಬೆಳೆಯುವವರಿಗೆ ಯಾರೂ ಪಾಠ ಹೇಳಬೇಕಿಲ್ಲ. ಪಾಂಡವಪುರ, ಶ್ರೀರಂಗಪಟ್ಟಣ, ಕೆ.ಆರ್. ಪೇಟೆಯ ಗದ್ದೆಗಳಿಂದ ಹೊರಟ ಲೋಡು ವೇ ಬ್ರಿಡ್ಜ್ ಮೇಲೆ ಎಷ್ಟೇ ಟನ್ನು ತೂಗಲಿ, ಕೇಂದ್ರ ಸರ್ಕಾರದ ಎಫ್‌ಆರ್‌ಪಿ ದರ ನಿಂತಿರುವುದು ಶೇ 10.25ರ ಸಕ್ಕರೆ ಇಳುವರಿಯ ಮೇಲೆ. ಒಂದೇ ತೂಕದ ಎರಡು ಲೋಡಿನಲ್ಲಿ ಸಕ್ಕರೆ ಒಂದೇ ಪ್ರಮಾಣದಲ್ಲಿ ಇರುವುದಿಲ್ಲ. ಆದರೆ ಮೈಯ ವಿಚಾರ ಬಂದಾಗ ನಾವೆಲ್ಲ ತೂಕದ ಯಂತ್ರಕ್ಕೇ ಶರಣಾಗುತ್ತೇವೆ. 75 ಕಿಲೊ ಎಂದರೆ ಗಾಬರಿ, 60 ಎಂದರೆ ನೆಮ್ಮದಿ. ನನಗೆ ಹೆಚ್ಚು ಆತಂಕ ಹುಟ್ಟಿಸುವುದು ಆ ಅರವತ್ತರ ನೆಮ್ಮದಿಯೇ. ಕೈಕಾಲು ಸಣ್ಣ, ಹೊಟ್ಟೆ ಮಾತ್ರ ಮುಂದಕ್ಕೆ. 'ನಂಗೇನಾಗದೆ, ಸಣ್ಣಕ್ಕೇ ಇದೀನಿ' ಎನ್ನುವ ನಲವತ್ತರ ಗಂಡಸು ನಮ್ಮ ಯಾವ ಊರಿನಲ್ಲಿಲ್ಲ?

ಹೀಗೇಕೆ ಎಂಬುದಕ್ಕೆ ಉತ್ತರದ ಒಂದು ಭಾಗ ಇಲ್ಲೇ ಪಕ್ಕದ ಮೈಸೂರಿನಲ್ಲಿ ಸಿಕ್ಕಿದೆ. ಅಲ್ಲಿನ ಹೋಲ್ಡ್ಸ್‌ವರ್ತ್ ಸ್ಮಾರಕ ಆಸ್ಪತ್ರೆ, ಜನರ ಬಾಯಲ್ಲಿ ಮಿಷನ್ ಆಸ್ಪತ್ರೆ, 1934ರಿಂದಲೇ ಹುಟ್ಟಿದ ಕೂಸುಗಳ ತೂಕ, ಉದ್ದ, ತಲೆಯ ಸುತ್ತಳತೆಯನ್ನು ಬರೆದಿಟ್ಟುಕೊಂಡು ಬಂದಿತ್ತು. ದಶಕಗಳ ಬಳಿಕ ಆ ದಾಖಲೆಗಳನ್ನು ಹಿಡಿದು, ಆಗ ಹುಟ್ಟಿದವರನ್ನು ಹುಡುಕಿ ಪರೀಕ್ಷಿಸಿದಾಗ, ಹುಟ್ಟುವಾಗ ಸಣ್ಣಗಿದ್ದವರಲ್ಲಿ ಹೃದ್ರೋಗ ಹೆಚ್ಚೆಂದು ಕಂಡುಬಂತು. 1997-98ರಲ್ಲಿ ಅದೇ ಆಸ್ಪತ್ರೆಯಲ್ಲಿ 'ಪಾರ್ಥೆನಾನ್' ಹೆಸರಿನ ಅಧ್ಯಯನ ಶುರುವಾಯಿತು. ಈ ಬಾರಿ ಕೂಸಿನ ತೂಕದ ಜೊತೆಗೆ ತೋಳು, ಬೆನ್ನಿನ ಚರ್ಮದ ಮಡಿಕೆಯನ್ನೂ ಕ್ಯಾಲಿಪರ್‌ನಲ್ಲಿ ಹಿಡಿದು ಅಳೆದರು. ಚರ್ಮದಡಿ ಕೊಬ್ಬೆಷ್ಟಿದೆ ಎಂದು ತಿಳಿಯುವ ಉಪಾಯ ಅದು. ಇಂಗ್ಲೆಂಡಿನ ಕೂಸುಗಳಿಗೆ ಹೋಲಿಸಿದರೆ ಮೈಸೂರಿನವು ಹಗುರ, ಸ್ನಾಯುವೂ ಕಡಿಮೆ. ಆದರೆ ಬೆನ್ನ ಮೇಲಿನ ಕೊಬ್ಬು ಆ ಮಟ್ಟಿಗೆ ಕಡಿಮೆ ಇರಲಿಲ್ಲ. ಸಣ್ಣ ಮೈಯಲ್ಲಿ ಕೊಬ್ಬನ್ನು ಕಾಪಿಟ್ಟುಕೊಂಡೇ ನಾವು ಹುಟ್ಟುತ್ತೇವೆ ಎಂದಾಯಿತು.

ದೊಡ್ಡವರ ವಿಷಯದಲ್ಲಿ ಇದನ್ನು ಮನಮುಟ್ಟುವಂತೆ ತೋರಿಸಿದವರು ಪುಣೆಯ ವೈದ್ಯ ಚಿತ್ತರಂಜನ್ ಯಾಜ್ಞಿಕ್. 2004ರಲ್ಲಿ 'ಲ್ಯಾನ್ಸೆಟ್' ಪತ್ರಿಕೆಯಲ್ಲಿ ಅವರು ತಮ್ಮ ಮತ್ತು ಲಂಡನ್ನಿನ ಗೆಳೆಯ ಜಾನ್ ಯುಡ್ಕಿನ್ ಅವರ ಫೋಟೊವನ್ನು ಒಟ್ಟಿಗೆ ಪ್ರಕಟಿಸಿದರು. ಇಬ್ಬರ ಬಿಎಂಐ ಕೂಡ 22.3. ಸ್ಕ್ಯಾನ್ ಮಾಡಿದರೆ ಯುಡ್ಕಿನ್ ಮೈಯಲ್ಲಿ ಕೊಬ್ಬು ಶೇ 9.1, ಯಾಜ್ಞಿಕ್ ಮೈಯಲ್ಲಿ ಶೇ 21.2. ಎತ್ತರ-ತೂಕದ ಲೆಕ್ಕ ಇಬ್ಬರನ್ನೂ ಒಂದೇ ಸಾಲಿನಲ್ಲಿ ನಿಲ್ಲಿಸಿತ್ತು. ಭಾರತೀಯರಿಗೆ ಬಿಎಂಐ 25 ಅಲ್ಲ, 23 ದಾಟಿದರೇ ಹೆಚ್ಚುತೂಕ ಎಂದು ವೈದ್ಯರು ಹೇಳುವುದಕ್ಕೆ ಇಂಥ ಅಧ್ಯಯನಗಳೇ ಆಧಾರ.

ಹಾಗಾದರೆ ನಾಗಮಂಗಲದ ಹಳ್ಳಿಯಲ್ಲಿರುವವರು ಸ್ಕ್ಯಾನ್ ಮಾಡಿಸಲು ಎಲ್ಲಿಗೆ ಹೋಗಬೇಕು? ಎಲ್ಲಿಗೂ ಬೇಡ. ಮೂವತ್ತು ದಾಟಿದವರ ಮನೆಗೆ ಆಶಾ ಕಾರ್ಯಕರ್ತೆ ಒಂದು ನಮೂನೆ ಹಿಡಿದು ಬರುತ್ತಾರೆ. ವಯಸ್ಸು, ಬೀಡಿ-ತಂಬಾಕು, ಕುಡಿತ, ವಾರಕ್ಕೆ 150 ನಿಮಿಷದ ದೈಹಿಕ ಚಟುವಟಿಕೆ ಉಂಟೋ ಇಲ್ಲವೋ, ಮನೆತನದಲ್ಲಿ ಬಿಪಿ-ಶುಗರ್ ಇದೆಯೋ ಎಂದು ಕೇಳುತ್ತಾರೆ. ಅದರಲ್ಲಿ ಟೇಪಿನಿಂದ ಅಳೆದು ತುಂಬಬೇಕಾದ ಕಲಮೊಂದಿದೆ: ಹೊಟ್ಟೆಯ ಸುತ್ತಳತೆ. ಹೆಂಗಸರಿಗೆ 80 ಸೆಂಟಿಮೀಟರ್, ಗಂಡಸರಿಗೆ 90 ಮಿತಿ. ದಾಟಿದರೆ ಅಂಕ ಏರುತ್ತದೆ. ಒಟ್ಟು ಅಂಕ 4 ಮೀರಿದವರನ್ನು ತಪಾಸಣೆಗೆ ಮೊದಲು ಕಳಿಸಬೇಕು. ನಾಚಿಕೆಯಿಂದಲೋ ಅವಸರದಿಂದಲೋ 'ಹಾಕ್ಕೊಳಿ ಅಕ್ಕ, ಅಷ್ಟೇ ಇರ್ತದೆ' ಎಂದು ಅಂದಾಜಿನಲ್ಲಿ ಬರೆಸಿಬಿಡುವುದುಂಟು. ಆ ಇಡೀ ನಮೂನೆಯಲ್ಲಿ ನಮ್ಮ ಮೈಯೇ ನೇರವಾಗಿ ಉತ್ತರ ಕೊಡುವ ಪ್ರಶ್ನೆ ಅದೊಂದೇ. ದಯವಿಟ್ಟು ಅಳೆಯಲು ಬಿಡಿ.

ಅಳೆಯುವ ಕ್ರಮ ಹೀಗೆ. ಪಕ್ಕೆಲುಬಿನ ಕೊನೆ ಮತ್ತು ಸೊಂಟದ ಮೂಳೆಯ ಮೇಲ್ತುದಿಯನ್ನು ಬೆರಳಲ್ಲಿ ಒತ್ತಿ ಗುರುತಿಸಿಕೊಳ್ಳಿ. ಎರಡರ ನಡುಮಧ್ಯೆ ಟೇಪು ಸುತ್ತಿ, ಉಸಿರು ಸಹಜವಾಗಿ ಬಿಟ್ಟಾಗ ಓದಿ. ಹೊಟ್ಟೆ ಒಳಗೆಳೆದುಕೊಳ್ಳಬಾರದು. ಪ್ಯಾಂಟಿನ ಅಳತೆ ಇದಕ್ಕೆ ಬರುವುದಿಲ್ಲ. ಉಡಿದಾರವೂ ಬರುವುದಿಲ್ಲ, ಅದು ಸೊಂಟದ ಮೂಳೆಯ ಮೇಲೆ ಕೂತಿರುತ್ತದೆ, ಹೊಟ್ಟೆ ಅದರ ಮೇಲಿಂದ ಜೋತುಬಿದ್ದರೂ ದಾರ ಬಿಗಿಯಾಗುವುದಿಲ್ಲ. ಟೇಪೂ ಇಲ್ಲದಿದ್ದರೆ ಒಂದು ದಾರ ಸಾಕು: ನೆತ್ತಿಯಿಂದ ಹಿಮ್ಮಡಿವರೆಗೆ ಎತ್ತರಕ್ಕೆ ಹಿಡಿದು ಕತ್ತರಿಸಿ, ಎರಡು ಮಡಿಕೆ ಮಾಡಿ ಹೊಟ್ಟೆಗೆ ಸುತ್ತಿ. ತುದಿಗಳು ಕೂಡಿದರೆ ಸರಿ. ಕೂಡದಿದ್ದರೆ ಹೊಟ್ಟೆ ಎತ್ತರದ ಅರ್ಧ ಮೀರಿದೆ ಎಂದರ್ಥ.

ಈಗ ತಾಲ್ಲೂಕು ಕೇಂದ್ರಗಳ ಜಿಮ್‌ಗಳಲ್ಲೂ ಮೈಯ ಕೊಬ್ಬು ತೋರಿಸುವ ಯಂತ್ರಗಳು ಬಂದಿವೆ. ಬರಿಗಾಲಲ್ಲಿ ನಿಂತರೆ ಗೊತ್ತೂ ಆಗದಷ್ಟು ಸಣ್ಣ ವಿದ್ಯುತ್ ಒಂದು ಕಾಲಿನಿಂದ ಇನ್ನೊಂದಕ್ಕೆ ಹರಿಯುತ್ತದೆ. ನೀರು, ಲವಣ ತುಂಬಿದ ಸ್ನಾಯುವಿನಲ್ಲಿ ಅದು ಸಲೀಸಾಗಿ ಸಾಗುತ್ತದೆ, ಕೊಬ್ಬು ತಡೆಯುತ್ತದೆ. ಆ ತಡೆಗೆ ನಿಮ್ಮ ವಯಸ್ಸು, ಎತ್ತರ ಸೇರಿಸಿ ಯಂತ್ರ ಒಂದು ಅಂದಾಜು ಹೇಳುತ್ತದೆ. ಅದು ಅಂದಾಜೇ ಹೊರತು ಅಳತೆಯಲ್ಲ. ಬಿಸಿಲಲ್ಲಿ ಬೆವರಿ ಬಂದು ನಿಂತರೆ ಒಂದು ಅಂಕಿ, ಊಟ ಮಾಡಿ ನಿಂತರೆ ಇನ್ನೊಂದು. ಒಂದು ದಿನದ ಚೀಟಿಗೆ ಬೆಲೆಯಿಲ್ಲ. ಅದೇ ಯಂತ್ರದಲ್ಲಿ, ವಾರಕ್ಕೊಮ್ಮೆ, ಬೆಳಿಗ್ಗೆ ಶೌಚ ಮುಗಿಸಿ ಬರಿಹೊಟ್ಟೆಯಲ್ಲಿ ನೋಡಿದರೆ ಅಂಕಿ ಯಾವ ಕಡೆ ಸಾಗುತ್ತಿದೆ ಎಂಬುದು ತಿಳಿಯುತ್ತದೆ. ಚೀಟಿಯಲ್ಲಿ ಬರುವ 'ಬಾಡಿ ಏಜ್' ನೋಡಿ ಹೆದರುವುದು ಬೇಡ, ಅದನ್ನು ತೋರಿಸಿ ಪುಡಿ ಡಬ್ಬ ಮಾರುವವರನ್ನು ನಂಬುವುದೂ ಬೇಡ. ಪೇಸ್‌ಮೇಕರ್ ಹಾಕಿಸಿಕೊಂಡವರು, ಬಸುರಿಯರು ಇಂಥ ಯಂತ್ರ ಹತ್ತಬಾರದು.

ಇಷ್ಟೆಲ್ಲ ಯಾಕೆ ಎಂದರೆ, ತೂಕ ಇಳಿಸುವ ದಾರಿಯಲ್ಲಿ ಏನು ಕರಗುತ್ತಿದೆ ಎಂಬುದೇ ಮುಖ್ಯ. ಒಂದು ಲೆಕ್ಕ ನೋಡಿ. 70 ಕಿಲೊ ತೂಕದ ಹೆಂಗಸಿನ ಮೈಯಲ್ಲಿ ಶೇ 38 ಕೊಬ್ಬು ಎಂದಿಟ್ಟುಕೊಳ್ಳೋಣ, ಅಂದರೆ 26.6 ಕಿಲೊ. ಊಟ ಬಿಟ್ಟು, ಬರೀ ಗಂಜಿ ಕುಡಿದು 66ಕ್ಕೆ ಇಳಿದಳು, ಕೊಬ್ಬು ಶೇ 37.5 ಆಯಿತು. ಕರಗಿದ ಕೊಬ್ಬು ಎರಡು ಕಿಲೊಗೂ ಕಡಿಮೆ. ಮಿಕ್ಕಿದ್ದೆಲ್ಲ ಸ್ನಾಯು ಮತ್ತು ನೀರು. ಅದೇ 66ಕ್ಕೆ ಕಾಳು, ಮೊಟ್ಟೆ ತಿಂದು, ಮೈಗೆ ಶ್ರಮ ಕೊಟ್ಟು ಇಳಿದು, ಕೊಬ್ಬು ಶೇ 35 ಆಗಿದ್ದರೆ ಮೂರೂವರೆ ಕಿಲೊ ಕೊಬ್ಬೇ ಕರಗಿದೆ. ತೂಕದ ಯಂತ್ರ ಎರಡಕ್ಕೂ ಒಂದೇ ಅಂಕಿ ತೋರಿಸುತ್ತದೆ. ಮೊದಲೇ ಸ್ನಾಯು ಕಡಿಮೆ ಇರುವ ನಮ್ಮ ಮೈಗೆ ಮೊದಲನೆಯ ದಾರಿ ದೊಡ್ಡ ನಷ್ಟ.

ಚೆನ್ನೈನಲ್ಲಿ ಡಾ. ಎ. ರಾಮಚಂದ್ರನ್ ಅವರ ತಂಡ 2006ರಲ್ಲಿ ಪ್ರಕಟಿಸಿದ ಅಧ್ಯಯನವನ್ನು ನಾನು ಮತ್ತೆ ಮತ್ತೆ ನೆನೆಯುತ್ತೇನೆ. ಸಕ್ಕರೆ ಕಾಯಿಲೆಯ ಹೊಸ್ತಿಲಲ್ಲಿದ್ದವರಿಗೆ ನಡಿಗೆ, ಊಟದ ಹಿಡಿತ ಹೇಳಿಕೊಟ್ಟು ಮೂರು ವರ್ಷ ಗಮನಿಸಿದರು. ಏನೂ ಬದಲಿಸದ ಗುಂಪಿನಲ್ಲಿ ಶೇ 55 ಮಂದಿಗೆ ಕಾಯಿಲೆ ಬಂತು. ಬದಲಿಸಿಕೊಂಡವರಲ್ಲಿ ಶೇ 39. ಗಮನಿಸಬೇಕಾದ್ದೆಂದರೆ, ಬದಲಿಸಿಕೊಂಡವರ ತೂಕ ಹೇಳಿಕೊಳ್ಳುವಷ್ಟು ಇಳಿದಿರಲಿಲ್ಲ. ತೂಕ ಇಳಿಯಲಿಲ್ಲವೆಂದು ಹದಿನೈದು ದಿನಕ್ಕೇ ನಡಿಗೆ ನಿಲ್ಲಿಸುವವರಿಗೆ ಈ ಮಾತು ತಲುಪಬೇಕು.

ನಮ್ಮ ಸೀಮೆಯ ಊಟ ಕೆಟ್ಟದ್ದಲ್ಲ. ಬಸ್ಸಾರು, ಸೊಪ್ಪಿನ ಸಾರು, ಹುರುಳಿಕಾಳು, ಅವರೆಕಾಳು ಇರುವ ಅಡುಗೆಮನೆಗೆ ಹೊರಗಿನ ಡಬ್ಬ ಬೇಕಿಲ್ಲ. ಬದಲಾದದ್ದು ದುಡಿಮೆ. ಉಳುವುದಕ್ಕೆ ಟ್ರ್ಯಾಕ್ಟರ್, ಗದ್ದೆಗೆ ಬೈಕು. ತಟ್ಟೆಯ ಮುದ್ದೆ ಮಾತ್ರ ನೇಗಿಲು ಹಿಡಿದ ಕಾಲದ ಗಾತ್ರದಲ್ಲೇ ಉಳಿದಿದೆ, ಅದರ ಮೇಲೆ ಅನ್ನ ಬೇರೆ. ಕೆ.ಆರ್.ಎಸ್. ನಾಲೆ ಬಂದ ಮೇಲೆ ಅನ್ನದ ಪಾಲು ಹೆಚ್ಚಿತು. ರಾಗಿಯೂ ಹಿಟ್ಟೇ ಎಂಬುದನ್ನು ಮರೆಯಬಾರದು. ಮುದ್ದೆ ಚಿಕ್ಕದಾಗಲಿ, ಸಾರಿನ ಕಾಳು ದಪ್ಪವಾಗಲಿ, ಅನ್ನ ಅರ್ಧವಾಗಲಿ. ನಾಲೆ ಏರಿಯ ಮೇಲೆ ಬಿರುಸು ನಡಿಗೆ ಇರಲಿ, ಜೊತೆಗೆ ಸ್ನಾಯುವಿಗೆ ಕೆಲಸ ಕೊಡುವ ಬಸ್ಕಿಯೂ ಇರಲಿ. ಮಂಡಿ ನೋವಿರುವವರು ಕುರ್ಚಿಯಿಂದ ಕೈ ಊರದೆ ಎದ್ದು ಕೂತರೂ ಆದೀತು. ಹದಿನೈದು ದಿನಕ್ಕೊಮ್ಮೆ ಟೇಪು ಸುತ್ತಿ ಕ್ಯಾಲೆಂಡರಿನ ಮೇಲೆ ಬರೆದಿಡಿ. ತೂಕ ನಿಂತಲ್ಲೇ ನಿಂತು ಹೊಟ್ಟೆ ಎರಡು ಸೆಂಟಿಮೀಟರ್ ಇಳಿದಿದ್ದರೆ ನೀವು ಹಿಡಿದ ದಾರಿ ಸರಿ.

ದಾರದ ತುದಿಗಳು ಕೂಡದ ಮನೆಯವರು ಯಾರೇ ಇರಲಿ, ಮೂವತ್ತು ದಾಟಿದ್ದರೆ ಹತ್ತಿರದ ಆಯುಷ್ಮಾನ್ ಆರೋಗ್ಯ ಮಂದಿರಕ್ಕೆ ಕರೆದುಕೊಂಡು ಹೋಗಿ. ಅಲ್ಲಿ ಬಿಪಿ, ಶುಗರ್ ತಪಾಸಣೆಗೆ ಹಣ ಕೊಡಬೇಕಿಲ್ಲ.