ಕೃಷ್ಣೆಯ ಬಯಲಿಗೆ ಬೇಕೊಂದು ಉಪಗ್ರಹ ಠಾಣೆ

ಅಂತರರಾಷ್ಟ್ರೀಯ ಬಾಹ್ಯಾಕಾಶ ನಿಲ್ದಾಣ ದಿನಕ್ಕೆ ನಾಲ್ಕೈದು ಸಲ ನಮ್ಮ ಸೀಮೆಯ ಆಕಾಶ ದಾಟುತ್ತದೆ. ಬನಹಟ್ಟಿಯ ಓಣಿಗಳಲ್ಲಿ ಪವರ್‌ಲೂಮ್ ಓಡುತ್ತಿರುವಾಗ, ಮುಧೋಳದ ಸಕ್ಕರೆ ಕಾರ್ಖಾನೆಗಳ ಮುಂದೆ ಕಬ್ಬು ಹೇರಿದ ಟ್ರ್ಯಾಕ್ಟರ್‌ಗಳು ಸರದಿಗೆ ನಿಂತಿರುವಾಗ, ಸುಮಾರು 400 ಕಿಲೋಮೀಟರ್ ಎತ್ತರದಲ್ಲಿ ಅದು ಒಂದು ದಿಕ್ಕಿನಲ್ಲಿ ಮೂಡಿ ಹತ್ತೇ ನಿಮಿಷದಲ್ಲಿ ಇನ್ನೊಂದು ದಿಕ್ಕಿನಲ್ಲಿ ಮುಳುಗುತ್ತದೆ. ಅದರೊಳಗೆ ಹವ್ಯಾಸಿಗಳು ಬಳಸುವ ಹ್ಯಾಮ್ ರೇಡಿಯೊ ಸೆಟ್ ಇದೆ. ರಿಪೀಟರ್ ಚಾಲೂ ಇರುವಾಗ 145.990 ಮೆಗಾಹರ್ಟ್ಸ್‌ನಲ್ಲಿ ನೆಲದಿಂದ ಬಂದ ಮಾತನ್ನು ಹಿಡಿದು 437.800 ಮೆಗಾಹರ್ಟ್ಸ್‌ನಲ್ಲಿ ಕೆಳಗೆ ಕಳಿಸುತ್ತದೆ. ಐದು ವ್ಯಾಟ್‌ನ ಕೈಸೆಟ್ಟು, ಕೈಯಲ್ಲೇ ಹಿಡಿಯುವ ಆಂಟೆನಾ, ಒಂದು ಲೈಸೆನ್ಸ್ ಇದ್ದರೆ ಜಮಖಂಡಿಯ ಮಾಳಿಗೆಯಿಂದ ಹೊರಟ ಮಾತು ಮಸ್ಕತ್‌ಗೋ ಕೊಲಂಬೊಗೋ ಕಠ್ಮಂಡುವಿಗೋ ಮುಟ್ಟುತ್ತದೆ. ನಡುವೆ ಮೊಬೈಲ್ ಟವರ್ ಇಲ್ಲ, ಇಂಟರ್ನೆಟ್ ಇಲ್ಲ, ತಿಂಗಳ ಬಿಲ್ಲೂ ಇಲ್ಲ.

ಹೀಗೆ ಉಪಗ್ರಹಗಳನ್ನು ಆಲಿಸಲು, ಅವುಗಳ ಮೂಲಕ ಮಾತಾಡಲು ಹವ್ಯಾಸಿಗಳು ಕಟ್ಟಿಕೊಳ್ಳುವ ವ್ಯವಸ್ಥೆಯೇ ಹವ್ಯಾಸಿ ಭೂಕೇಂದ್ರ. ಭೂಕೇಂದ್ರ ಎಂದೊಡನೆ ಬ್ಯಾಲಾಳುವಿನಲ್ಲಿ ಇಸ್ರೊ ನಿಲ್ಲಿಸಿರುವ 32 ಮೀಟರ್ ಅಗಲದ ಆಂಟೆನಾ ನೆನಪಾಗುತ್ತದೆ. ಅದು ಚಂದ್ರ, ಮಂಗಳದಷ್ಟು ದೂರದ ನೌಕೆಗಳಿಗೆ ಬೇಕಾದದ್ದು. ಭೂಮಿಗೆ ಹತ್ತಿರದಲ್ಲೇ ಸುತ್ತುವ ಸಣ್ಣ ಉಪಗ್ರಹಗಳಿಗೆ ಮಾಳಿಗೆಯ ಒಂದು ಮೂಲೆ ಸಾಕು. ಕರ್ನಾಟಕದಲ್ಲಿ ಹೆಸರು ಮಾಡಿದ ಹವ್ಯಾಸಿ ಕೇಂದ್ರಗಳು ಬೆಂಗಳೂರಿನಲ್ಲೂ ಅದರ ಆಸುಪಾಸಿನಲ್ಲೂ ಇವೆ. ಆದರೆ ಕೃಷ್ಣೆ, ಘಟಪ್ರಭೆಯರ ಈ ಬಯಲು ಈ ಕೆಲಸಕ್ಕೆ ಬೆಂಗಳೂರಿಗಿಂತ ಒಳ್ಳೆಯ ಜಾಗ ಎಂದು ನಾನು ನಂಬಿದ್ದೇನೆ. ಕಾರಣಗಳಿಗೆ ಆಮೇಲೆ ಬರುತ್ತೇನೆ.

ಈ ಹವ್ಯಾಸದ ವಯಸ್ಸು ಹೆಚ್ಚುಕಡಿಮೆ ಉಪಗ್ರಹ ಯುಗದ್ದೇ ವಯಸ್ಸು. ಸ್ಪುಟ್ನಿಕ್ ಹಾರಿ ನಾಲ್ಕು ವರ್ಷ ಕಳೆದಿತ್ತಷ್ಟೇ. 1961ರ ಡಿಸೆಂಬರ್ 12ರಂದು ಅಮೆರಿಕದ ಹ್ಯಾಮ್‌ಗಳು ತಾವೇ ಕಟ್ಟಿದ ಆಸ್ಕರ್-1 ಕಕ್ಷೆಗೆ ಹೋಯಿತು. ನಾಲ್ಕೂವರೆ ಕಿಲೋ ತೂಕದ ಆ ಪೆಟ್ಟಿಗೆ ಮಾಡುತ್ತಿದ್ದ ಕೆಲಸ ಒಂದೇ: ಮೋರ್ಸ್ ಸಂಕೇತದಲ್ಲಿ 'ಹಾಯ್' ಎನ್ನುವುದು. 28 ದೇಶಗಳ 570ಕ್ಕೂ ಹೆಚ್ಚು ಹವ್ಯಾಸಿಗಳು ಅದನ್ನು ಕೇಳಿ ವರದಿ ಕಳಿಸಿದರು.

ನನ್ನನ್ನು ಹೆಚ್ಚು ಸೆಳೆಯುವುದು 1974ರ ನವೆಂಬರ್ 15ರಂದು ಹಾರಿದ ಎಒ-7 ಎಂಬ ಹವ್ಯಾಸಿ ಉಪಗ್ರಹ. ಬ್ಯಾಟರಿ ಕೆಟ್ಟು 1981ರಲ್ಲಿ ಅದು ಸತ್ತಿತೆಂದು ಎಲ್ಲರೂ ಕೈಬಿಟ್ಟಿದ್ದರು. 2002ರ ಜೂನ್ 21ರಂದು ಅದರ ದನಿ ಮತ್ತೆ ಕೇಳಿತು. ಶಾರ್ಟ್ ಆಗಿದ್ದ ಬ್ಯಾಟರಿ ಯಾವಾಗಲೋ ಕಡಿದುಹೋಗಿ, ಸೌರಫಲಕದ ವಿದ್ಯುತ್ ನೇರವಾಗಿ ರೇಡಿಯೊಗೆ ಹರಿಯತೊಡಗಿತ್ತು. ಅಂದಿನಿಂದ ಅದು ಬಿಸಿಲಿದ್ದಾಗ ಏಳುತ್ತದೆ, ಭೂಮಿಯ ನೆರಳಿಗೆ ಹೋದಾಗ ಮಲಗುತ್ತದೆ. ಇಪ್ಪತ್ತೊಂದು ವರ್ಷ ಸುಮ್ಮನಿದ್ದದ್ದು ಮತ್ತೆ ಮಾತಾಡಿತೆಂದು ಜಗತ್ತಿಗೆ ತಿಳಿದದ್ದು ಒಬ್ಬ ಹವ್ಯಾಸಿ ಆ ಹೊತ್ತಿನಲ್ಲಿ ಆ ಫ್ರೀಕ್ವೆನ್ಸಿಗೆ ಕಿವಿಗೊಟ್ಟಿದ್ದರಿಂದ.

ನಮ್ಮ ನಾಡಿನ ಪಾಲೂ ಸಣ್ಣದಲ್ಲ. ಬೆಂಗಳೂರಿನ ಇಸ್ರೊ ಉಪಗ್ರಹ ಕೇಂದ್ರದ ಒಳಗೇ 'ಉಪಗ್ರಹ ಅಮೆಚೂರ್ ರೇಡಿಯೊ ಕ್ಲಬ್' ಇದೆ. ಅದರ ಕಾಲ್ ಸೈನ್, ಅಂದರೆ ರೇಡಿಯೊದಲ್ಲಿ ಅದರ ಗುರುತಿನ ಹೆಸರು, ವಿಯು2ಯುಆರ್‌ಸಿ. 2005ರ ಮೇ 5ರಂದು ಪಿಎಸ್‌ಎಲ್‌ವಿ-ಸಿ6 ರಾಕೆಟ್ಟಿನಲ್ಲಿ ಕಾರ್ಟೊಸ್ಯಾಟ್-1ರ ಜೊತೆ ಹೋದ ಹ್ಯಾಮ್‌ಸ್ಯಾಟ್ ಇಡೀ ಜಗತ್ತಿನ ಹವ್ಯಾಸಿಗಳಿಗೆ ಭಾರತ ಕೊಟ್ಟ ಕಾಣಿಕೆ. ತೂಕ 42.5 ಕಿಲೋ. ಒಳಗಿದ್ದ, ಮಾತು ಹಿಡಿದು ಮರಳಿ ಕಳಿಸುವ ಎರಡು ಟ್ರಾನ್ಸ್‌ಪಾಂಡರ್‌ಗಳಲ್ಲಿ ಒಂದು ನಮ್ಮವರದು, ಇನ್ನೊಂದನ್ನು ಕಟ್ಟಿದವರು ನೆದರ್ಲೆಂಡ್ಸ್‌ನ ವಿದ್ಯಾರ್ಥಿ ವಿಲಿಯಂ ಲೈಯೆನಾರ್. ಎರಡು ವರ್ಷ ಬಾಳಲಿ ಎಂದು ಮಾಡಿದ್ದು 2014ರ ಜುಲೈವರೆಗೆ, ಒಂಬತ್ತು ವರ್ಷ ದುಡಿಯಿತು. 2010ರ ಜುಲೈ 12ರಂದು ಹಾರಿದ ಸ್ಟಡ್‌ಸ್ಯಾಟ್ ಬೆಂಗಳೂರು, ಹೈದರಾಬಾದಿನ ಏಳು ಎಂಜಿನಿಯರಿಂಗ್ ಕಾಲೇಜುಗಳ ಹುಡುಗ ಹುಡುಗಿಯರದು. ಒಂದು ಕಿಲೋ ಕೂಡ ತೂಗದ ಆ ಉಪಗ್ರಹಕ್ಕಾಗಿ ಬೆಂಗಳೂರಿನ ನಿಟ್ಟೆ ಮೀನಾಕ್ಷಿ ಕಾಲೇಜಿನಲ್ಲಿ ವಿದ್ಯಾರ್ಥಿಗಳು 'ನಾಸ್ಟ್ರಾಕ್' ಎಂಬ ಭೂಕೇಂದ್ರ ಎಬ್ಬಿಸಿದರು. ಚಿಕ್ಕಬಳ್ಳಾಪುರದ ಎಸ್‌ಜೆಸಿ ತಾಂತ್ರಿಕ ಕಾಲೇಜಿನ 'ಅರ್ಪಿತ್' ಎಂಬ ರೇಡಿಯೊ ಪೇಲೋಡ್ 2024ರ ಡಿಸೆಂಬರ್ 30ರಂದು ಪಿಎಸ್‌ಎಲ್‌ವಿ-ಸಿ60ರಲ್ಲಿ ಹೋಯಿತು. 2025ರ ಜುಲೈ 4ರಂದು ಬಾಹ್ಯಾಕಾಶ ನಿಲ್ದಾಣದಲ್ಲಿದ್ದ ಶುಭಾಂಶು ಶುಕ್ಲಾ ಬೆಂಗಳೂರಿನ ಅದೇ ಉಪಗ್ರಹ ಕೇಂದ್ರದಲ್ಲಿ ಸೇರಿದ್ದ ಮಕ್ಕಳ ಪ್ರಶ್ನೆಗಳಿಗೆ ಉತ್ತರಿಸಿದ್ದೂ ಹ್ಯಾಮ್ ರೇಡಿಯೊ ಮೂಲಕವೇ.

ಇನ್ನು ನಮ್ಮ ಬಯಲಿನ ವಿಚಾರ. ಉಪಗ್ರಹದಿಂದ ಬರುವ ಸಿಗ್ನಲ್ ತೀರಾ ಕ್ಷೀಣ. ಅರ್ಧ ವ್ಯಾಟ್, ಒಂದು ವ್ಯಾಟ್ ಶಕ್ತಿಯ ದನಿ ಸಾವಿರಾರು ಕಿಲೋಮೀಟರ್ ದಾಟಿ ಬರಬೇಕು. ಅದಕ್ಕೆ ಎರಡು ಅನುಕೂಲ ಬೇಕು: ತೆರೆದ ದಿಗಂತ, ಗದ್ದಲವಿಲ್ಲದ ಸುತ್ತು. ಬೆಂಗಳೂರಿನಲ್ಲಿ ಅಪಾರ್ಟ್‌ಮೆಂಟುಗಳ ಗೋಡೆ ಆಕಾಶದ ಕೆಳಭಾಗವನ್ನೆಲ್ಲ ನುಂಗಿಬಿಡುತ್ತದೆ. ಅಲ್ಲಿ ಉಪಗ್ರಹ ಮೂಡಿದ ಮೇಲೆ ಎರಡು ಮೂರು ನಿಮಿಷ, ಮುಳುಗುವ ಮುನ್ನ ಮತ್ತಷ್ಟು ಹೊತ್ತು ಕಳೆದುಹೋಗುತ್ತದೆ. ಹತ್ತು ನಿಮಿಷದಲ್ಲಿ ಅದು ದೊಡ್ಡ ನಷ್ಟ. ಜಮಖಂಡಿಯ ರಾಮತೀರ್ಥ ಗುಡ್ಡದ ಮೇಲೆ ನಿಂತರೆ ನೆಲ ಮುಗಿಯುವ ಗೆರೆಯವರೆಗೂ ಆಕಾಶ ಕಾಣುತ್ತದೆ. ಬೀಳಗಿಯ ಕಡೆ ಆಲಮಟ್ಟಿ ಹಿನ್ನೀರಿನ ಅಂಚಿಗೆ ಹೋದರೆ ಅಡ್ಡ ಬರುವುದು ಒಂದೆರಡು ಜಾಲಿಗಿಡ ಮಾತ್ರ.

ಗದ್ದಲದ ಮಾತು ಬೇರೆ. ರೇಡಿಯೊ ಗದ್ದಲ ಕಿವಿಗೆ ಕೇಳುವುದಿಲ್ಲ. ಅಗ್ಗದ ಎಲ್‌ಇಡಿ ಬಲ್ಬು, ಕಳಪೆ ಚಾರ್ಜರ್, ಕಿಡಿ ಹಾರಿಸುವ ಮೋಟಾರ್ ಸ್ಟಾರ್ಟರ್, ಸಡಿಲವಾದ ಕರೆಂಟ್ ಜಂಪರ್ ಎಲ್ಲವೂ ಗದ್ದಲ ಎಬ್ಬಿಸುತ್ತವೆ. ಹಾಗಾಗಿ ರಬಕವಿ, ಬನಹಟ್ಟಿಯ ಮಗ್ಗದ ಓಣಿಯ ನಡುವೆ ಆಂಟೆನಾ ನಿಲ್ಲಿಸಬೇಡಿ ಎನ್ನುತ್ತೇನೆ. ಊರು ದಾಟಿ ಹೊಲಕ್ಕೆ ಹೋದರೆ, ಪಂಪ್‌ಸೆಟ್ಟಿನಿಂದ ತುಸು ದೂರ ಸರಿದರೆ, ಅದೇ ರಿಸೀವರ್ ಬೇರೆಯೇ ಯಂತ್ರವೆಂಬಂತೆ ಕೇಳುತ್ತದೆ. ಕೈಸೆಟ್ಟಿನಲ್ಲಿ ಮೊದಲು ಗದ್ದಲ ಅಳೆದು ಆಮೇಲೆ ಜಾಗ ಗೊತ್ತುಮಾಡುವುದೇ ಸರಿಯಾದ ಕ್ರಮ.

ಕಡಿಮೆ ಖರ್ಚಿನ ಆರಂಭವೆಂದರೆ ಕೇಳುವುದು. ಯುರೋಪಿನಲ್ಲಿ ಟಿವಿ ನೋಡಲೆಂದು ಮಾಡಿದ್ದ ಒಂದು ಯುಎಸ್‌ಬಿ ಕಡ್ಡಿಯನ್ನು ಹಲವು ಬಗೆಯ ಫ್ರೀಕ್ವೆನ್ಸಿ ಹಿಡಿಯುವ ರಿಸೀವರ್ ಆಗಿ ಬಳಸಬಹುದೆಂದು 2012ರ ಸುಮಾರಿಗೆ ಹವ್ಯಾಸಿಗಳು ಕಂಡುಕೊಂಡರು. ಆರ್‌ಟಿಎಲ್-ಎಸ್‌ಡಿಆರ್ ಎಂಬ ಈ ಕಡ್ಡಿ ಕೆಲವು ಸಾವಿರ ರೂಪಾಯಿಗೆ ಸಿಗುತ್ತದೆ. ಹಳೆಯ ಲ್ಯಾಪ್‌ಟಾಪ್ ಸಾಕು. ಆಂಟೆನಾವನ್ನು ಕೊಳ್ಳುವ ಅಗತ್ಯವೇ ಇಲ್ಲ. ತಲಾ 53 ಸೆಂ.ಮೀ. ಉದ್ದದ ಎರಡು ಅಲ್ಯೂಮಿನಿಯಂ ಕಡ್ಡಿಗಳನ್ನು 120 ಡಿಗ್ರಿ ಕೋನದಲ್ಲಿ ಜೋಡಿಸಿ, ನೆಲಕ್ಕೆ ಸಮಾಂತರವಾಗಿ ಉತ್ತರ–ದಕ್ಷಿಣಕ್ಕೆ ಮುಖಮಾಡಿ ಇಟ್ಟರೆ ರಷ್ಯಾದ ಮೆಟಿಯೊರ್-ಎಂ ಹವಾಮಾನ ಉಪಗ್ರಹಗಳು 137 ಮೆಗಾಹರ್ಟ್ಸ್ ಆಸುಪಾಸಿನಲ್ಲಿ ಕಳಿಸುವ ಚಿತ್ರ ಇಳಿಯುತ್ತದೆ. ಮೋಡವಿಲ್ಲದ ದಿನ ಅದರಲ್ಲಿ ಕರಾವಳಿಯ ಗೆರೆ ಕಾಣುತ್ತದೆ, ಆಲಮಟ್ಟಿಯ ಹಿನ್ನೀರೂ ಗುರುತು ಸಿಗುತ್ತದೆ. ಹಿಂದೆ ಎಲ್ಲರೂ ಅಮೆರಿಕದ ನೋವಾ ಉಪಗ್ರಹಗಳಿಂದ ಕಲಿಕೆ ಶುರುಮಾಡುತ್ತಿದ್ದರು. ಆ ಸಾಲಿನ ಕೊನೆಯ ಮೂರನ್ನೂ 2025ರಲ್ಲಿ ನಿಲ್ಲಿಸಿದ್ದಾರೆ. ಹಳೆಯ ಪಾಠಗಳನ್ನು ನೋಡಿ ಕೂತರೆ ಏನೂ ಕೇಳುವುದಿಲ್ಲ.

ಮಾತಾಡುವ ಆಂಟೆನಾ ಕೂಡ ಮನೆಯಲ್ಲೇ ಆಗುತ್ತದೆ. ಪಿವಿಸಿ ಪೈಪಿಗೆ ಬಡಗಿಯ ಉಕ್ಕಿನ ಅಳತೆ ಟೇಪಿನ ತುಂಡುಗಳನ್ನು ಲೆಕ್ಕದಂತೆ ಕತ್ತರಿಸಿ ಕೂರಿಸಿದರೆ ಯಾಗಿ ಆಂಟೆನಾ. ಹಣ ಹಾಕುವುದಿದ್ದರೆ ಕೇಬಲ್ಲಿಗೆ ಹಾಕಿ. 435 ಮೆಗಾಹರ್ಟ್ಸ್‌ನಲ್ಲಿ ತೆಳ್ಳಗಿನ ಆರ್‌ಜಿ-58 ಕೇಬಲ್ ಹತ್ತು ಮೀಟರಿನಲ್ಲೇ ಅರ್ಧಕ್ಕಿಂತ ಹೆಚ್ಚು ಸಿಗ್ನಲ್ ತಿಂದುಬಿಡುತ್ತದೆ. ಅದಕ್ಕೇ ಅನುಭವಿಗಳು ಸಿಗ್ನಲ್ ಹಿಗ್ಗಿಸುವ ಪ್ರೀಆಂಪ್ಲಿಫೈಯರನ್ನು ಕೆಳಗೆ ಮೇಜಿನ ಮೇಲಿಡದೆ, ಕಂಬದ ತುದಿಯಲ್ಲಿ ಆಂಟೆನಾದ ಬುಡಕ್ಕೇ ಕಟ್ಟುತ್ತಾರೆ. ದೊಡ್ಡ ಕೇಂದ್ರಗಳಲ್ಲಿ ಆಂಟೆನಾವನ್ನು ಸುತ್ತಲೂ ಮೇಲೆಕೆಳಗೂ ತಿರುಗಿಸುವ ರೋಟೇಟರ್ ಇರುತ್ತದೆ, ಕಂಪ್ಯೂಟರ್ ಅದನ್ನು ನಡೆಸುತ್ತದೆ. ಆರಂಭಕ್ಕೆ ಮನುಷ್ಯನ ಕೈಯೇ ಒಳ್ಳೆಯ ರೋಟೇಟರ್. ಮಣಿಕಟ್ಟು ತಿರುವಿದಾಗ ಸಿಗ್ನಲ್ ಏಳುವುದು, ಬೀಳುವುದು ಕೇಳಿ ಕಲಿಯುವಷ್ಟನ್ನು ಯಂತ್ರ ಕಲಿಸುವುದಿಲ್ಲ.

ಅರ್ಥಿಂಗ್ ಬಗ್ಗೆ ಮಾತ್ರ ಉದಾಸೀನ ಸಲ್ಲದು. ಮುಂಗಾರಿನ ಮುಂಚಿನ ಸಿಡಿಲು ಎಂಥದ್ದೆಂದು ಈ ಭಾಗದವರಿಗೆ ಹೇಳಬೇಕಿಲ್ಲ. ಎರೆಭೂಮಿ ತೇವ ಹಿಡಿದಿಡುವುದರಿಂದ ಅಲ್ಲಿ ಅರ್ಥಿಂಗ್ ಚೆನ್ನಾಗಿ ಕೂರುತ್ತದೆ. ಗುಡ್ಡದ ಕಲ್ಲುನೆಲದಲ್ಲಿ ಹೆಚ್ಚು ಆಳ, ಹೆಚ್ಚು ಗುಂಡಿ ಬೇಕು. ಮೋಡ ಗುಡುಗಿದ ದಿನ ಕೇಬಲ್ ಕಳಚಿ ಹೊರಗಿಡುವುದೇ ಕ್ಷೇಮ.

ಒಂದು ಪಾಸ್ ಹೇಗೆ ನಡೆಯುತ್ತದೆ ನೋಡಿ. ಉಪಗ್ರಹ ಮೂಡಿ ಮುಳುಗುವವರೆಗಿನ ಅವಧಿಗೆ ಹ್ಯಾಮ್‌ಗಳು ಪಾಸ್ ಎನ್ನುತ್ತಾರೆ. ಪ್ರತಿ ಉಪಗ್ರಹದ ಕಕ್ಷೆಯನ್ನು ಎರಡು ಸಾಲಿನ ಅಂಕಿಗಳಲ್ಲಿ ಬರೆದಿಡುತ್ತಾರೆ. ಜಿಪ್ರೆಡಿಕ್ಟ್‌ನಂಥ ಉಚಿತ ತಂತ್ರಾಂಶ ಅದನ್ನು ಓದಿ, ಜಮಖಂಡಿಯ 16.5 ಡಿಗ್ರಿ ಅಕ್ಷಾಂಶ, 75.3 ಡಿಗ್ರಿ ರೇಖಾಂಶಕ್ಕೆ ಲೆಕ್ಕ ಹಾಕಿ, ಯಾವ ಗಳಿಗೆಗೆ ಯಾವ ದಿಕ್ಕಿನಲ್ಲಿ ಮೂಡುತ್ತದೆ ಎಂದು ಹೇಳುತ್ತದೆ. ಅಂಕಿಗಳು ಹಳಸಿದ್ದರೆ, ಇಲ್ಲವೇ ಕಂಪ್ಯೂಟರಿನ ಗಡಿಯಾರ ತಪ್ಪಿದ್ದರೆ, ಆಂಟೆನಾ ಖಾಲಿ ಆಕಾಶ ನೋಡುತ್ತಿರುತ್ತದೆ. ಬಾಹ್ಯಾಕಾಶ ನಿಲ್ದಾಣ ಮೂಡುವಾಗ ಅದರ ದನಿ 437.800ರಲ್ಲಿ ಇರುವುದಿಲ್ಲ, 437.810ರ ಹತ್ತಿರ ಇರುತ್ತದೆ. ನಮ್ಮತ್ತ ಧಾವಿಸುವ ರೈಲಿನ ಸೀಟಿ ಏರಿ, ದಾಟಿದ ಮೇಲೆ ಇಳಿಯುವಂತೆ ಇದೂ ಇಳಿಯುತ್ತ ಹೋಗುತ್ತದೆ: ನೆತ್ತಿಯ ಹತ್ತಿರ ಬಂದಾಗ 800, ಮುಳುಗುವಾಗ 790. ಆದ್ದರಿಂದ ಸೆಟ್ಟಿನಲ್ಲಿ ಐದು ಐದು ಕಿಲೋಹರ್ಟ್ಸ್ ಅಂತರದ ಐದು ಚಾನೆಲ್ ಮೊದಲೇ ತುಂಬಿಟ್ಟು, ಒಂದೊಂದಾಗಿ ಇಳಿಸುತ್ತ ಬರಬೇಕು. ಮೇಲೆ ಕಳಿಸುವಾಗ 67 ಹರ್ಟ್ಸ್‌ನ ಮಂದ್ರ ನಾದವೊಂದನ್ನು ಸೆಟ್ ಮಾತಿನ ಜೊತೆ ಸೇರಿಸಬೇಕು, ಇಲ್ಲವಾದರೆ ರಿಪೀಟರ್ ಬಾಗಿಲು ತೆರೆಯುವುದಿಲ್ಲ.

ಮಾತು ಚುಟುಕಾಗಿರಬೇಕು. ಅರ್ಧ ಉಪಖಂಡ ಅದೇ ಹತ್ತು ನಿಮಿಷಕ್ಕೆ ಕಾದಿರುತ್ತದೆ. ಕಾಲ್ ಸೈನ್ ಹೇಳಿ, ತಾನಿರುವ ಚೌಕದ ಹೆಸರು ಹೇಳಿ, ಎದುರಿನವರದನ್ನು ಬರೆದುಕೊಂಡು ದಾರಿ ಬಿಡಬೇಕು. ಹ್ಯಾಮ್‌ಗಳು ಭೂಮಿಯನ್ನೆಲ್ಲ ಚೌಕಗಳಾಗಿ ಹಂಚಿಕೊಂಡಿದ್ದಾರೆ. ಬೆಂಗಳೂರು ಇರುವುದು ಎಂಕೆ82ರಲ್ಲಿ. ಜಮಖಂಡಿ, ಮುಧೋಳ, ಬೀಳಗಿ, ರಬಕವಿ-ಬನಹಟ್ಟಿ ನಾಲ್ಕೂ ಎಂಕೆ76 ಎಂಬ ಒಂದೇ ಚೌಕದೊಳಗೆ ಬೀಳುತ್ತವೆ. ವಿಜಯಪುರ, ಸಾಂಗ್ಲಿ, ಕೊಲ್ಹಾಪುರವೂ ಅದರಲ್ಲೇ. ಬೇರೆ ಬೇರೆ ಚೌಕಗಳ ಜೊತೆ ಮಾತಾಡಿ ಪಟ್ಟಿ ಬೆಳೆಸುವವರು ಜಗತ್ತಿನ ತುಂಬ ಇದ್ದಾರೆ, ಮಾತಾಡಿದ ಗುರುತಿಗೆ ಕ್ಯೂಎಸ್‌ಎಲ್ ಕಾರ್ಡ್ ಅಂಚೆಯಲ್ಲಿ ಬರುತ್ತದೆ.

ಲೈಸೆನ್ಸ್ ಇಲ್ಲದೆ ಪ್ರಸಾರದ ಗುಂಡಿ ಒತ್ತುವಂತಿಲ್ಲ. ಆನ್‌ಲೈನಿನಲ್ಲಿ ಸಿಗುತ್ತದೆಂದು ವೈರ್‌ಲೆಸ್ ಸೆಟ್ ತರಿಸಿ ಇಟ್ಟುಕೊಳ್ಳುವುದೂ ಕಾನೂನಿನ ಪ್ರಕಾರ ಅಪರಾಧ. 12 ವರ್ಷ ತುಂಬಿದ ಯಾರೇ ಆದರೂ ಕೇಂದ್ರ ದೂರಸಂಪರ್ಕ ಇಲಾಖೆಯ ಪರೀಕ್ಷೆ ಬರೆಯಬಹುದು. ರಿಸ್ಟ್ರಿಕ್ಟೆಡ್ ದರ್ಜೆಗೆ ರೇಡಿಯೊ ತತ್ವ ಮತ್ತು ನಿಯಮಗಳು ಗೊತ್ತಿದ್ದರಾಯಿತು, ಜನರಲ್ ದರ್ಜೆಗೆ ಮೋರ್ಸ್ ಕೂಡ ಬರಬೇಕು. ಪಿಯುಸಿ ವಿಜ್ಞಾನದ ಹುಡುಗಿ ಒಂದು ಬೇಸಿಗೆ ರಜೆ ಕೂತು ಓದಿದರೆ ಪಾಸಾಗುವ ಪರೀಕ್ಷೆ ಅದು.

ಈ ಕಲಿಕೆಗೆ ಇನ್ನೊಂದು ಉಪಯೋಗವೂ ಇದೆ. 2019ರ ಆಗಸ್ಟ್‌ನಲ್ಲಿ ಕೃಷ್ಣೆ, ಘಟಪ್ರಭೆ ಎರಡೂ ಉಕ್ಕಿ ಜಮಖಂಡಿ, ಮುಧೋಳ ತಾಲ್ಲೂಕುಗಳ ಊರುಗಳಿಗೆ ನುಗ್ಗಿದ್ದವು. ಅಂಥ ಹೊತ್ತಿಗೆ ಉಪಗ್ರಹವೇ ಪರಿಹಾರ ಎಂದು ಹೇಳಲಾರೆ. ಹತ್ತು ನಿಮಿಷಕ್ಕೆ ಬಂದು ಹೋಗುವುದನ್ನು ನಂಬಿ ದೋಣಿ ಕಳಿಸಲಾಗದು. ಊರಿಂದೂರಿಗೆ ನೇರ ಮಾತಾಡುವ ವಿಎಚ್‌ಎಫ್ ಸೆಟ್ಟುಗಳೇ ಆಗ ಹೆಚ್ಚು ಕೆಲಸಕ್ಕೆ ಬರುತ್ತವೆ. ಆದರೆ ಉಪಗ್ರಹ ಹಿಡಿಯಲು ಕಲಿತವರಿಗೆ ಬ್ಯಾಟರಿಯ ಮೇಲೆ ಸೆಟ್ ನಡೆಸುವುದು, ಮುರಿದ ಆಂಟೆನಾ ಅಲ್ಲೇ ಸರಿಮಾಡುವುದು, ಅಳೆದು ಮಾತಾಡುವುದು ಬಂದಿರುತ್ತದೆ. ಅಂಥ ಹತ್ತು ಜನ ನದಿದಂಡೆಯ ತಾಲ್ಲೂಕುಗಳಲ್ಲಿ ಇರಬೇಕು. ಸರ್ಕಾರಕ್ಕೆ ಕಾಯದೆ ರೈತರೇ ಹಣ, ದುಡಿಮೆ ಕೂಡಿಸಿ 1989ರಲ್ಲಿ ಚಿಕ್ಕಪಡಸಲಗಿಯಲ್ಲಿ ಕೃಷ್ಣೆಗೆ ಬ್ಯಾರೇಜ್ ಕಟ್ಟಿದ ನೆಲ ಇದು. ಅವರ ಮೊಮ್ಮಕ್ಕಳಿಗೆ ಒಂದು ಆಂಟೆನಾ ನಿಲ್ಲಿಸುವುದು ಕಷ್ಟವಲ್ಲ.

ಕಾಲೇಜುಗಳಿಗೆ ಇನ್ನೊಂದು ದಾರಿಯಿದೆ. ಗ್ರೀಸ್ ದೇಶದ ಲಿಬ್ರೆ ಸ್ಪೇಸ್ ಪ್ರತಿಷ್ಠಾನ ನಡೆಸುವ ಸ್ಯಾಟ್‌ನಾಗ್ಸ್ ಜಾಲದಲ್ಲಿ ಯಾರು ಬೇಕಾದರೂ ತಮ್ಮ ರಿಸೀವರ್ ಸೇರಿಸಬಹುದು. ಒಂದು ರಾಸ್ಪ್‌ಬೆರಿ ಪೈ, ಅದೇ ಯುಎಸ್‌ಬಿ ಕಡ್ಡಿ, ಒಂದು ಆಂಟೆನಾ ಸಾಕು. ಉಪಗ್ರಹ ಬಂದಾಗ ಅದು ತಾನೇ ಧ್ವನಿಮುದ್ರಿಸಿ ಕಳಿಸುತ್ತದೆ. ಎಲ್ಲೋ ಪುಟ್ಟ ಉಪಗ್ರಹ ಕಟ್ಟಿದ ವಿದ್ಯಾರ್ಥಿಗಳಿಗೆ, ಅದು ಭಾರತದ ಮೇಲೆ ಹಾಯುವಾಗ ಹೇಗಿತ್ತೆಂದು ಇಲ್ಲಿಯ ದಾಖಲೆಯೇ ಹೇಳಬೇಕು.

ಶಾಲೆಗಳಿಗೆ ಅರಿಸ್ ಎಂಬ ಕಾರ್ಯಕ್ರಮವಿದೆ. ಅರ್ಜಿ ಒಪ್ಪಿಗೆಯಾದರೆ ಗಗನಯಾನಿಯೊಬ್ಬರು ಆ ಶಾಲೆಯ ಮಕ್ಕಳ ಪ್ರಶ್ನೆಗಳಿಗೆ ಒಂದು ಪಾಸ್ ಪೂರ್ತಿ ಉತ್ತರಿಸುತ್ತಾರೆ. ಹೇಗೆ ತಯಾರಾಗುತ್ತೇವೆ, ಪಾಠದ ಜೊತೆ ಇದನ್ನು ಹೇಗೆ ಸೇರಿಸುತ್ತೇವೆ ಎಂದು ಅರ್ಜಿಯಲ್ಲಿ ಬರೆಯಬೇಕು. ಸ್ವಂತ ಕೇಂದ್ರವಿಲ್ಲದ ಶಾಲೆಗೆ ಬೇರೆ ದೇಶದ ಕೇಂದ್ರವೊಂದರ ಮೂಲಕ ಫೋನಿನಲ್ಲಿ ಜೋಡಿಸುತ್ತಾರೆ. ಶಾಲೆಯ ಮಾಳಿಗೆಯ ಮೇಲೆ ತನ್ನದೇ ಆಂಟೆನಾ, ಪಕ್ಕದಲ್ಲಿ ಲೈಸೆನ್ಸ್ ಇರುವ ಮೇಷ್ಟ್ರೋ ಅಕ್ಕೋರೋ ಇದ್ದರೆ ಮಾತು ನೇರವಾಗಿ ಹೋಗುತ್ತದೆ.