ಕ್ರಿಮಿಯಾ ತಾತಾರರ ವನವಾಸ

1944ರ ಮೇ 18ರ ನಸುಕು. ಕಪ್ಪುಸಮುದ್ರಕ್ಕೆ ಚಾಚಿಕೊಂಡಿರುವ ಕ್ರಿಮಿಯಾ ಪರ್ಯಾಯದ್ವೀಪದ ಊರೂರಲ್ಲೂ ಸೋವಿಯತ್ ರಹಸ್ಯ ಪೊಲೀಸರು ಮುಸ್ಲಿಮ್ ತಾತಾರರ ಮನೆ ಬಾಗಿಲು ಬಡಿದರು. ಗಂಟುಮೂಟೆ ಕಟ್ಟಲು ಸಿಕ್ಕಿದ್ದು ಕೆಲವೇ ನಿಮಿಷ. ಬಾಗಿಲು ತೆರೆದವರಲ್ಲಿ ಹೆಚ್ಚಿನವರು ಹೆಂಗಸರು, ಮಕ್ಕಳು, ಮುದುಕರು. ಪ್ರಾಯದ ಗಂಡಸರು ಅನೇಕರು ಕೆಂಪು ಸೇನೆಯಲ್ಲಿದ್ದರು. ಮೂರೇ ದಿನಗಳಲ್ಲಿ ಸುಮಾರು 1,90,000 ಮಂದಿಯನ್ನು ಸರಕು ಸಾಗಣೆಯ ರೈಲುಡಬ್ಬಿಗಳಿಗೆ ತುಂಬಿ ಉಜ್ಬೆಕಿಸ್ತಾನ ಮತ್ತು ಉರಲ್ ಸೀಮೆಗೆ ಅಟ್ಟಲಾಯಿತು.

ಇವರು ಜರ್ಮನರೊಡನೆ ಕೈಜೋಡಿಸಿದರು ಎಂಬುದು ಸ್ಟಾಲಿನ್ ಹೊರಿಸಿದ ಆರೋಪ. ಕೆಲವರು ಕೈಜೋಡಿಸಿದ್ದೂ ನಿಜವೇ. ಆದರೆ ಪದಕ ಧರಿಸಿ ರಣರಂಗದಿಂದ ಮರಳಿದ ಸೈನಿಕರನ್ನೂ ಅದೇ ಗಡೀಪಾರಿಗೆ ದೂಡಿದ ಮೇಲೆ ಆ ಆರೋಪದ ತಿರುಳೇನೆಂದು ಬೇರೆ ಹೇಳಬೇಕಿಲ್ಲ.

ಹದಿನೈದನೆಯ ಶತಮಾನದಿಂದ ಕ್ರಿಮಿಯಾವನ್ನು ಆಳಿದ್ದು ತಾತಾರ ಖಾನರು. 1783ರಲ್ಲಿ ರಷ್ಯದ ಸಾಮ್ರಾಜ್ಞಿ ಕ್ಯಾಥರೀನ್ ಅದನ್ನು ವಶಪಡಿಸಿಕೊಂಡ ಮೇಲೆ ಅಲೆಅಲೆಯಾಗಿ ಜನ ತುರ್ಕಿಯತ್ತ ವಲಸೆ ಹೋದರು. ಉಳಿದವರು ಸ್ವಂತ ನೆಲದಲ್ಲೇ ಅಲ್ಪಸಂಖ್ಯಾತರಾದರು.

ಗಡೀಪಾರಿನ ದಾರಿಯಲ್ಲಿ ಮತ್ತು ಮೊದಲ ವರ್ಷಗಳಲ್ಲಿ ಹಸಿವು, ರೋಗಗಳಿಗೆ ಬಲಿಯಾದವರ ಲೆಕ್ಕ ಇಂದಿಗೂ ವಿವಾದದಲ್ಲಿದೆ. ಐದರಲ್ಲೊಂದು ಪಾಲು ಎನ್ನುವವರಿದ್ದಾರೆ. ತಾತಾರರೇ ಮಾಡಿದ ಗಣತಿಯಂತೆ ಅದು ಅರ್ಧಕ್ಕೆ ಸಮೀಪ. ಬದುಕಿದವರು 1956ರವರೆಗೆ ಅಧಿಕಾರಿಯ ಅಪ್ಪಣೆಯಿಲ್ಲದೆ ನೆಲೆ ಬಿಟ್ಟು ಕದಲುವಂತಿರಲಿಲ್ಲ.

ಇತ್ತ ಕ್ರಿಮಿಯಾದಲ್ಲಿ ಊರುಗಳ ಹೆಸರೇ ಬದಲಾದವು. ಕರಾಸುಬಜಾರ್ ಬೆಲೊಗೊರ್ಸ್ಕ್ ಆಯಿತು. ಆದರೆ ಖಾನರ ರಾಜಧಾನಿ ಬಖ್ಚಿಸರಾಯ್ ಹಳೆಯ ಹೆಸರು ಉಳಿಸಿಕೊಂಡಿತು. ಪುಷ್ಕಿನ್ ಆ ಊರಿನ ಕಾರಂಜಿಯ ಮೇಲೆ ಕಾವ್ಯ ಬರೆದದ್ದರಿಂದ ಎನ್ನುತ್ತಾರೆ. ಊರಿಗಾದದ್ದು ಜನಕ್ಕೂ ಆಯಿತು. 1967ರಲ್ಲಿ ಸರ್ಕಾರ ಆರೋಪವನ್ನು ಹಿಂತೆಗೆದುಕೊಂಡಿತು ನಿಜ, ಆದರೆ ಆ ಆಜ್ಞೆಯಲ್ಲಿ ‘ಕ್ರಿಮಿಯಾ ತಾತಾರರು’ ಎಂಬ ಮಾತಿರಲಿಲ್ಲ. ‘ಹಿಂದೆ ಕ್ರಿಮಿಯಾದಲ್ಲಿ ವಾಸವಾಗಿದ್ದ ತಾತಾರರು’ ಎಂದಿತ್ತು. ಹೆಸರಿಲ್ಲದವರಿಗೆ ತವರೆಲ್ಲಿಯದು! ಕದ್ದುಮುಚ್ಚಿ ಮರಳಿದವರಿಗೆ ವಾಸದ ಪರವಾನಗಿ ಸಿಗುತ್ತಿರಲಿಲ್ಲ. 1978ರಲ್ಲಿ ಪೊಲೀಸರು ಬಂಧಿಸಲು ಬಂದಾಗ ಮೂಸಾ ಮಹಮುತ್ ಎಂಬಾತ ಮೈಗೆ ಬೆಂಕಿ ಹಚ್ಚಿಕೊಂಡು ಸತ್ತ.

1989ರಲ್ಲಿ ಮರಳಲು ಅವಕಾಶವಾಯಿತು. ಮುಂದಿನ ಕೆಲವು ವರ್ಷಗಳಲ್ಲಿ ಸುಮಾರು ಎರಡೂವರೆ ಲಕ್ಷ ಜನ ಬಂದರು. ಅಜ್ಜನ ಮನೆಯಲ್ಲಿ ಬೇರೆ ಯಾರೋ ಒಲೆ ಹೂಡಿದ್ದರು. ಅಷ್ಟರಲ್ಲೇ ಸೋವಿಯತ್ ಒಕ್ಕೂಟ ಕುಸಿದು, ರೂಬಲ್ಲಿನ ಬೆಲೆ ಬಿದ್ದು, ಕೂಡಿಟ್ಟ ಹಣವೂ ಕರಗಿತು. ಖಾಲಿ ಜಾಗಗಳಲ್ಲಿ ಗುಡಿಸಲು ಹಾಕಿಕೊಂಡು, ನೀರು ವಿದ್ಯುತ್ತುಗಳಿಲ್ಲದೆ ಅವರು ಬದುಕನ್ನು ಮತ್ತೆ ಶುರುಮಾಡಿದರು. 1991ರಲ್ಲಿ ತಮ್ಮದೇ ಚುನಾಯಿತ ಮಂಡಳಿ ‘ಮೆಜ್ಲಿಸ್’ ಕಟ್ಟಿಕೊಂಡರು.

2014ರಲ್ಲಿ ರಷ್ಯ ಕ್ರಿಮಿಯಾವನ್ನು ಮತ್ತೆ ಸೇರಿಸಿಕೊಂಡಿತು. 2016ರಲ್ಲಿ ಮೆಜ್ಲಿಸನ್ನು ಉಗ್ರಗಾಮಿ ಸಂಘಟನೆಯೆಂದು ನಿಷೇಧಿಸಿತು. ಗಡೀಪಾರಿಗೆ ಎಪ್ಪತ್ತು ವರ್ಷ ತುಂಬಿದ್ದು ಆ 2014ರ ಮೇ ತಿಂಗಳಲ್ಲೇ. ಸಿಂಫೆರೊಪೋಲ್ ನಗರದ ನಡುಚೌಕದಲ್ಲಿ ಸೇರಲು ಅನುಮತಿ ಸಿಗಲಿಲ್ಲ. ತಾತಾರರು ಊರಂಚಿನಲ್ಲಿ ನೆರೆದು ಸತ್ತವರಿಗಾಗಿ ಪ್ರಾರ್ಥಿಸಿದರು. ನೆತ್ತಿಯ ಮೇಲೆ ಹೆಲಿಕಾಪ್ಟರುಗಳು ಸುತ್ತುತ್ತಿದ್ದವು.