ಗಲ್ಫ್‌ಗೆ ಒಂದು ತಿಂಗಳ ರಜೆ: ಟಿಕೆಟ್ ಆಯ್ತು, ಕೈಖರ್ಚಿನ ಲೆಕ್ಕ ಆಯ್ತಾ?

ಬಜಗೋಳಿ: ಎಪ್ರಿಲ್‌ನಲ್ಲಿ ಶಾಲೆಗೆ ರಜೆ ಸಿಕ್ಕಿತೆಂದರೆ ಬಜಗೋಳಿ, ಮಾಳ, ನಲ್ಲೂರು, ಹೊಸ್ಮಾರು ಕಡೆಯ ಕೆಲವು ಮನೆಗಳಲ್ಲಿ ಅಟ್ಟದ ಮೇಲಿನ ಸೂಟ್‌ಕೇಸ್ ಕೆಳಗೆ ಬರ್ತದೆ. ದುಬೈ, ಶಾರ್ಜಾ, ಮಸ್ಕತ್, ಬಹರೈನ್‌ಗಳಲ್ಲಿ ಅಣ್ಣನೋ ಅಕ್ಕನೋ ಭಾವನೋ ಇರುವ ಮನೆಗಳು ಈ ಭಾಗದಲ್ಲಿ ಕಡಿಮೆ ಏನಲ್ಲ. ವಿಸಿಟ್ ವೀಸಾ, ಮಂಗಳೂರಿನಿಂದ ನೇರ ವಿಮಾನ, ಉಳಿಯಲು ಸಂಬಂಧಿಕರ ಮನೆ. ಒಂದು ತಿಂಗಳು ಇದ್ದು ಬರುವ ಅಂತ ಹೊರಡುವುದು ಹೀಗೆ.

ಟಿಕೆಟ್ ಮತ್ತು ವೀಸಾದ ಲೆಕ್ಕವನ್ನು ಎಲ್ಲರೂ ಸರಿಯಾಗಿಯೇ ಹಾಕ್ತಾರೆ, ಯಾಕೆಂದರೆ ಅದನ್ನು ಮುಂಗಡ ಕೊಡಬೇಕು. ತಪ್ಪುವುದು ಕೈಖರ್ಚಿನ ಲೆಕ್ಕ. "ಉಳಿಯಲು ಮನೆ ಉಂಟು, ಊಟ ಉಂಟು, ಮತ್ತೆ ಖರ್ಚೆಂತದು?" ಎಂಬ ಮಾತಿನಲ್ಲೇ ತಪ್ಪು ಶುರು. ತಿರುಗಿ ಬರುವಾಗ ಜೂನ್ ಹತ್ತಿರ. ಮಕ್ಕಳ ಫೀಸು, ಪುಸ್ತಕ, ಸಮವಸ್ತ್ರ, ಮಳೆಗಾಲದ ತಯಾರಿ ಎಲ್ಲ ಒಟ್ಟಿಗೆ. ಪೇಟೆಯಲ್ಲಿ ವ್ಯಾಪಾರವೂ ಇಳಿಯುವ ಹೊತ್ತು. ರಜೆಯ ಖರ್ಚು ಹೆಚ್ಚಾದರೆ ಬಿಸಿ ತಟ್ಟುವುದು ದುಬೈನಲ್ಲಲ್ಲ, ಊರಿಗೆ ಬಂದ ಮೇಲೆ.

ಪಿಗ್ಮಿಯ ಲೆಕ್ಕವೇ ದಾರಿ

ದಿನದ ಲೆಕ್ಕ ನಮ್ಮ ಜಿಲ್ಲೆಯವರಿಗೆ ಹೊಸತಲ್ಲ. ಉಡುಪಿಯಲ್ಲಿ 1925ರಲ್ಲಿ ಹುಟ್ಟಿದ ಸಿಂಡಿಕೇಟ್ ಬ್ಯಾಂಕ್ 1928ರಲ್ಲಿ ಪಿಗ್ಮಿ ಠೇವಣಿ ಶುರು ಮಾಡಿತು. ದಿನಕ್ಕೆ ಎರಡಾಣೆಯನ್ನು ಮನೆ ಬಾಗಿಲಿಗೇ ಬಂದು ಪಡೆಯುವ ವ್ಯವಸ್ಥೆ ಅದು. 2020ರ ಎಪ್ರಿಲ್ 1ರಂದು ಆ ಬ್ಯಾಂಕ್ ಕೆನರಾ ಬ್ಯಾಂಕ್‌ನಲ್ಲಿ ವಿಲೀನವಾಯಿತು. ಪಿಗ್ಮಿ ಮಾತ್ರ ಉಳಿದಿದೆ. ಅಂಗಡಿಯವರು ಇಂದಿಗೂ ದಿನಕ್ಕೆ 100, 200, 500 ಅಂತ ಕಟ್ತಾರೆ.

ರಜೆಯ ಕೈಖರ್ಚನ್ನೂ ಹೀಗೆಯೇ ನೋಡಬೇಕು. "ಎರಡು ಲಕ್ಷ ಇಟ್ಟಿದ್ದೇವೆ, ಸಾಕಾಗಬಹುದು" ಎಂದರೆ ಅದು ಲೆಕ್ಕ ಅಲ್ಲ, ಅಂದಾಜು. ಕೂಡಿಡುವಾಗ ದಿನಕ್ಕೆ ಇಷ್ಟು ಎಂದಿದ್ದ ಹಾಗೆ ಖರ್ಚು ಮಾಡುವಾಗಲೂ ದಿನಕ್ಕೆ ಇಷ್ಟು ಎಂದಿರಬೇಕು. ಅದೂ ರೂಪಾಯಿಯಲ್ಲಿ ಅಲ್ಲ, ದಿರ್ಹಮ್‌ನಲ್ಲಿ. 10 ದಿರ್ಹಮ್ ಎಂದಾಗ ಕಿವಿಗೆ ಹತ್ತು ರೂಪಾಯಿಯಂತೆ ಕೇಳ್ತದೆ. ಕಿಸೆಯಿಂದ ಹೋಗುವುದು ಅದರ ಎಷ್ಟೋ ಪಾಲು.

ದಿರ್ಹಮ್ 1997ರಿಂದ ಡಾಲರ್‌ಗೆ ಕಟ್ಟಿದ ನಾಣ್ಯ. 1 ಡಾಲರ್ ಅಂದರೆ 3.6725 ದಿರ್ಹಮ್, ಅದು ಬದಲಾಗುವುದಿಲ್ಲ. ಹಾಗಾಗಿ ಡಾಲರ್ ಎದುರು ರೂಪಾಯಿ ಇಳಿದರೆ ದಿರ್ಹಮ್ ಎದುರೂ ಅಷ್ಟೇ ಇಳಿಯುತ್ತದೆ. ಲೆಕ್ಕ ಸುಲಭವಾಗಲಿ ಅಂತ ಇಲ್ಲಿ 1 ದಿರ್ಹಮ್‌ಗೆ 25 ರೂಪಾಯಿ ಎಂದು ಇಟ್ಟುಕೊಳ್ಳೋಣ. ಹೊರಡುವ ವಾರದ ನಿಜವಾದ ದರ ಹಾಕಿ ಮತ್ತೊಮ್ಮೆ ಗುಣಿಸಿಕೊಳ್ಳಬೇಕು.

30 ದಿನವೂ ಒಂದೇ ತರ ಅಲ್ಲ

ಉದಾಹರಣೆಗೆ, ಪೇಟೆಯಲ್ಲಿ ಅಂಗಡಿ ಇರುವ ಒಂದು ಮನೆ. ಗಂಡ, ಹೆಂಡತಿ, 12 ಮತ್ತು 4 ವರ್ಷದ ಇಬ್ಬರು ಮಕ್ಕಳು. ಶಾರ್ಜಾದಲ್ಲಿ ಭಾವನ ಮನೆಯಲ್ಲಿ 30 ದಿನ ಇರುವುದು ಎಂದುಕೊಳ್ಳಿ. ದಿನಗಳನ್ನು ಮೂರು ಬಗೆ ಮಾಡಬೇಕು.

ಮನೆಯ ದಿನ: ಸಂಜೆ ಪಾರ್ಕು, ಚಾ, ಮಕ್ಕಳಿಗೆ ಐಸ್‌ಕ್ರೀಂ. ದಿನಕ್ಕೆ 40 ದಿರ್ಹಮ್‌ನಂತೆ 17 ದಿನ, 680.

ಸುತ್ತಾಟದ ದಿನ: ಬಸ್ಸು, ಮೆಟ್ರೋ, ಹೊರಗೆ ಒಂದು ಊಟ, ಮಾರ್ಕೆಟ್. ದಿನಕ್ಕೆ 150ರಂತೆ 9 ದಿನ, 1,350.

ದೊಡ್ಡ ಟಿಕೆಟಿನ ದಿನ: ಬುರ್ಜ್ ಖಲೀಫಾ, ಮರುಭೂಮಿ ಸಫಾರಿ, ವಾಟರ್ ಪಾರ್ಕ್‌ನಂಥದ್ದು. ದಿನಕ್ಕೆ 600ರಂತೆ 4 ದಿನ, 2,400.

ಇದು 4,430 ಆಯಿತು. ಭಾವನ ಮನೆಯ ಸಾಮಾನಿಗೆ 800, ಊರಿಗೆ ತರುವ ಉಡುಗೊರೆಗೆ 1,500, ಸಿಮ್ ಮತ್ತು ಚಿಲ್ಲರೆ ಖರ್ಚಿಗೆ 270 ಸೇರಿಸಿದರೆ 7,000 ದಿರ್ಹಮ್. ಮುಟ್ಟದೆ ಇಡುವ ತುರ್ತು ಹಣ 1,000. ಒಟ್ಟು 8,000 ದಿರ್ಹಮ್, ಅಂದರೆ 2 ಲಕ್ಷ ರೂಪಾಯಿ. ಟಿಕೆಟ್, ವೀಸಾ, ಪ್ರಯಾಣ ವಿಮೆ ಇದರಲ್ಲಿ ಇಲ್ಲ.

ದಿನಕ್ಕೆ 500 ಪಿಗ್ಮಿ ಕಟ್ಟಿದರೆ ಈ 2 ಲಕ್ಷ ಆಗಲು 400 ದಿನ ಬೇಕು. ಮುಂದಿನ ಎಪ್ರಿಲ್‌ಗೆ ಹೊರಡುವವರು ಈ ವರ್ಷ ಮಾರ್ಚ್‌ನಲ್ಲೇ ಶುರು ಮಾಡಬೇಕು ಅಂತ ಅರ್ಥ. ಅಷ್ಟು ಕಟ್ಟಲು ಆಗದಿದ್ದರೆ ಕಡಿಮೆ ಮಾಡಬೇಕಾದ್ದು ದೊಡ್ಡ ಟಿಕೆಟಿನ ದಿನಗಳನ್ನು. ನಾಲ್ಕರಲ್ಲಿ ಎರಡು ಬಿಟ್ಟರೆ 1,200 ದಿರ್ಹಮ್, 30,000 ರೂಪಾಯಿ ಉಳೀತದೆ. ಮಕ್ಕಳ ಐಸ್‌ಕ್ರೀಂ ಕತ್ತರಿಸಿ ಅಷ್ಟು ಉಳಿಸಲು ಆಗುವುದಿಲ್ಲ.

ಕಡಿಮೆ ಖರ್ಚಿನ ಸುತ್ತಾಟವೂ ಉಂಟು. ದುಬೈ ಕ್ರೀಕ್ ದಾಟಲು ಹಳೆಯ ಮಾದರಿಯ ಅಬ್ರಾ ದೋಣಿಗೆ ತಲೆಗೆ 1 ದಿರ್ಹಮ್. 2024ರ ಫೆಬ್ರವರಿ 14ರಂದು ಉದ್ಘಾಟನೆಯಾದ ಅಬುಧಾಬಿಯ ಬಿಎಪಿಎಸ್ ಹಿಂದೂ ಮಂದಿರಕ್ಕೆ ಪ್ರವೇಶ ಉಚಿತ. ಮೆಟ್ರೋದಲ್ಲಿ ಸಿಲ್ವರ್ ನೋಲ್ ಕಾರ್ಡಿಗೆ ದೂರ ನೋಡಿ 3, 5 ಅಥವಾ 7.50 ದಿರ್ಹಮ್, 5 ವರ್ಷದೊಳಗಿನ ಮಕ್ಕಳಿಗೆ ಟಿಕೆಟ್ ಇಲ್ಲ. ಮೇಲಿನ ಮನೆಯವರು ದೂರದ ಜಾಗಕ್ಕೆ ಹೋಗಿ ಬಂದರೂ ಮೂವರಿಗೆ 45 ದಿರ್ಹಮ್.

ಒಂದು ಎಚ್ಚರಿಕೆ ಬೇಕು. ಮೇ ತಿಂಗಳಲ್ಲಿ ಅಲ್ಲಿ ಹಗಲು ಹೊರಗೆ ಕಾಲಿಡಲು ಆಗುವುದಿಲ್ಲ, ಅಷ್ಟು ಸೆಕೆ. ಸುತ್ತಾಟ ಎಂದರೆ ಎಸಿ ಇರುವ ಮಾಲ್ ಎಂದಾಗ್ತದೆ. ಮಾಲ್ ಒಳಗೆ ಹೋಗಲು ದುಡ್ಡು ಬೇಡ, ಹೊರಗೆ ಬರುವಾಗ ಮಾತ್ರ ಖರ್ಚಾಗಿರ್ತದೆ. ಮಧ್ಯಾಹ್ನದ ಊಟ ಮನೆಯಲ್ಲಿ ಮುಗಿಸಿ ಸಂಜೆ ಹೊರಟರೆ ದಿನಕ್ಕೆ ಒಂದು ಹೊರಗಿನ ಊಟದ ಹಣ ಉಳಿಯುತ್ತದೆ.

ನೆಂಟರ ಮನೆಯೂ ಫ್ರೀ ಅಲ್ಲ

ತಿಂಗಳ ಲೆಕ್ಕದಲ್ಲಿ ಹೆಚ್ಚಿನವರು ಬಿಡುವುದು ಈ ಸಾಲನ್ನು. ನಾಲ್ಕು ಜನ ಹೆಚ್ಚಾದರೆ ಅಲ್ಲಿನ ಮನೆಯ ದಿನಸಿ, ಗ್ಯಾಸ್, ಕರೆಂಟು, ನೀರು ಎಲ್ಲ ಏರುತ್ತದೆ. ಭಾವ ತನ್ನ ಕಾರಲ್ಲಿ ಕರ್ಕೊಂಡು ಹೋದರೆ ಪೆಟ್ರೋಲು, ಪಾರ್ಕಿಂಗ್ ಅಲ್ಲದೆ ದುಬೈಯ ಸಾಲಿಕ್ ಟೋಲ್ ಕೂಡ ಉಂಟು. 2025ರ ಜನವರಿ ಕೊನೆಯಿಂದ ದಟ್ಟಣೆಯ ಹೊತ್ತಲ್ಲಿ ಒಂದು ಗೇಟಿಗೆ 6 ದಿರ್ಹಮ್, ಉಳಿದ ಹೆಚ್ಚಿನ ಹೊತ್ತಲ್ಲಿ 4. ಅವರು ಕೇಳುವುದಿಲ್ಲ. ಕೊಟ್ಟರೆ "ಬೇಡ ಭಾವ" ಅಂತಾರೆ. ಅದಕ್ಕೆ ನೋಟು ಕೈಗೆ ಕೊಡುವುದಕ್ಕಿಂತ ವಾರಕ್ಕೊಮ್ಮೆ ದಿನಸಿಯ ಬಿಲ್ಲನ್ನು ತಾವೇ ಕೊಡುವುದು, ಒಂದೆರಡು ಸಲ ಟ್ಯಾಂಕ್ ತುಂಬಿಸುವುದು ಮರ್ಯಾದೆಯ ದಾರಿ. ಮೇಲಿನ 800 ದಿರ್ಹಮ್ ಇಟ್ಟದ್ದು ಇದಕ್ಕೇ.

ಊರಿಂದ ಕುಚ್ಚಲಕ್ಕಿ, ಹಲಸಿನ ಹಪ್ಪಳ, ಉಪ್ಪಿನಕಾಯಿ ಒಯ್ದರೆ ಅವರಿಗೂ ಖುಷಿ. ಆದರೆ ಗಸಗಸೆ ಯುಎಇಯಲ್ಲಿ ನಿಷಿದ್ಧ. ಮನೆಯ ಮಸಾಲೆ ಪುಡಿಗೆ ಅದನ್ನು ಹಾಕಿದ್ದರೆ ಅದೂ ಬೇಡ. ಒಣ ಕೊಬ್ಬರಿಯನ್ನು ಚೆಕ್-ಇನ್ ಬ್ಯಾಗಿನಲ್ಲಿ ಇಡಲು 2022ರಿಂದ ಬಿಡುವುದಿಲ್ಲ, ಬೆಂಕಿ ಹಿಡಿಯುವ ವಸ್ತು ಎಂದು.

ಹಣ ಒಯ್ಯುವುದು ಹೇಗೆ

ರಿಸರ್ವ್ ಬ್ಯಾಂಕ್ ನಿಯಮದಂತೆ ಒಬ್ಬರು ಒಂದು ಪ್ರವಾಸಕ್ಕೆ 3,000 ಡಾಲರ್‌ವರೆಗಿನ ವಿದೇಶಿ ನೋಟು ಒಯ್ಯಬಹುದು. ಅದು ಸುಮಾರು 11,000 ದಿರ್ಹಮ್. ಭಾರತದ ನೋಟಾದರೆ ಒಬ್ಬರಿಗೆ 25,000 ರೂಪಾಯಿ ಮಾತ್ರ. ಆರ್‌ಬಿಐ ಅನುಮತಿ ಇರುವ ಬ್ಯಾಂಕ್ ಅಥವಾ ಮನಿ ಚೇಂಜರ್ ಹತ್ತಿರವೇ ಬದಲಿಸಿ ರಶೀದಿ ಪಡೆಯಬೇಕು. 50,000 ರೂಪಾಯಿಗಿಂತ ಹೆಚ್ಚಿನದಕ್ಕೆ ನಗದು ಕೊಡುವ ಹಾಗಿಲ್ಲ, ಚೆಕ್ ಅಥವಾ ಖಾತೆಯಿಂದ ಕೊಡಬೇಕು. ಪ್ರತಿ ಸಲ ಬದಲಿಸುವಾಗ ಕನಿಷ್ಠ 45 ರೂಪಾಯಿ ಜಿಎಸ್‌ಟಿ ಬೀಳುವುದರಿಂದ ಸ್ವಲ್ಪ ಸ್ವಲ್ಪ ಬದಲಿಸುವುದರಲ್ಲಿ ಲಾಭವಿಲ್ಲ.

ಎಲ್ಲ ನೋಟನ್ನೂ ಒಬ್ಬರ ಕಿಸೆಯಲ್ಲೇ ಇಡಬಾರದು. ಮೂರನೇ ಒಂದು ಪಾಲು ನೋಟು, ಉಳಿದದ್ದು ದಿರ್ಹಮ್ ತುಂಬಿಸಿದ ಫಾರೆಕ್ಸ್ ಕಾರ್ಡಿನಲ್ಲಿ ಇದ್ದರೆ ಒಳ್ಳೇದು. ಊರಿನ ಡೆಬಿಟ್ ಅಥವಾ ಕ್ರೆಡಿಟ್ ಕಾರ್ಡನ್ನೇ ಉಜ್ಜಿದರೆ ಹೆಚ್ಚಿನ ಬ್ಯಾಂಕುಗಳು ಶೇ. 2ರಿಂದ 3.5ರವರೆಗೆ ಹೆಚ್ಚುವರಿ ಹಿಡಿಯುತ್ತವೆ, ಅದರ ಮೇಲೆ ಶೇ. 18 ಜಿಎಸ್‌ಟಿ. 2 ಲಕ್ಷವನ್ನು 3.5ರ ಕಾರ್ಡಿನಲ್ಲೇ ಖರ್ಚು ಮಾಡಿದರೆ 8,260 ರೂಪಾಯಿ ಸುಮ್ಮನೆ ಹೋಯಿತು. ತುರ್ತಿಗೆ ಕಾರ್ಡ್ ಬೇಕೇ ಬೇಕು. ವಿದೇಶಿ ಬಳಕೆಯನ್ನು ಬ್ಯಾಂಕ್ ಆ್ಯಪಿನಲ್ಲಿ ಹೊರಡುವ ಮೊದಲೇ ಆನ್ ಮಾಡಿಕೊಳ್ಳಬೇಕು.

ಅಂಗಡಿಯ ಮೆಷಿನ್ "ರೂಪಾಯಿಯಲ್ಲಾ, ದಿರ್ಹಮ್‌ನಲ್ಲಾ?" ಅಂತ ಕೇಳಿದರೆ ಕಣ್ಣು ಮುಚ್ಚಿ ದಿರ್ಹಮ್ ಒತ್ತಬೇಕು. ರೂಪಾಯಿ ಒತ್ತಿದರೆ ಆ ಮೆಷಿನ್‌ನವರು ಹಾಕಿದ್ದೇ ದರ.

ಈ ಭಾಗದಲ್ಲಿ ಇನ್ನೊಂದು ಕ್ರಮ ಉಂಟು. ಅಲ್ಲಿ ಭಾವ ದಿರ್ಹಮ್ ಕೊಡ್ತಾರೆ, ಇಲ್ಲಿ ಅವರ ತಾಯಿಯ ಕೈಗೆ ರೂಪಾಯಿ ಕೊಡುವುದು. ಮನೆಯವರೊಳಗಿನ ವಿಷಯ ಎಂದು ಕಂಡರೂ 1999ರ ಫೆಮಾ ಕಾಯ್ದೆ ಇಂಥ ಅದಲು ಬದಲನ್ನು ಒಪ್ಪುವುದಿಲ್ಲ. ಹವಾಲಾದ ರೂಪವೂ ಇದೇ. ಇದನ್ನು ಬಿಡುವುದೇ ಕ್ಷೇಮ.

ಟಿಸಿಎಸ್ ಎಂಬ ಹೆದರಿಕೆಯೂ ಹಲವರಿಗೆ ಇದೆ. 2025ರ ಎಪ್ರಿಲ್ 1ರಿಂದ ಒಬ್ಬರು ವರ್ಷಕ್ಕೆ 10 ಲಕ್ಷ ರೂಪಾಯಿವರೆಗೆ ವಿದೇಶಿ ಹಣ ಪಡೆದರೆ ಟಿಸಿಎಸ್ ಇಲ್ಲ. ಅದಕ್ಕಿಂತ ಮೊದಲು ಈ ಮಿತಿ 7 ಲಕ್ಷ ಇತ್ತು. ಹಾಗಾಗಿ 2 ಲಕ್ಷದ ಕೈಖರ್ಚಿಗೆ ಇದು ತಾಗುವುದಿಲ್ಲ. ಟ್ರಾವೆಲ್ಸ್‌ನವರ ವಿದೇಶಿ ಟೂರ್ ಪ್ಯಾಕೇಜಿಗೆ ಮಾತ್ರ ಮೊದಲ ರೂಪಾಯಿಯಿಂದಲೇ ಟಿಸಿಎಸ್ ಹಿಡೀತಾರೆ. ಈಗಿನ ದರ ಎಷ್ಟು ಎಂದು ಬಿಲ್ ಮಾಡುವ ಮೊದಲೇ ಕೇಳಬೇಕು. ಹಿಡಿದದ್ದು ನಿಮ್ಮ ಪ್ಯಾನ್‌ಗೆ ಜಮೆ ಆಗುತ್ತದೆ, ಆದಾಯ ತೆರಿಗೆ ರಿಟರ್ನ್ ಹಾಕುವಾಗ ಹೊಂದಿಸಿಕೊಳ್ಳಬಹುದು. ಅಲ್ಲಿವರೆಗೆ ಆ ಹಣ ಕೈಯಲ್ಲಿರುವುದಿಲ್ಲ.

ಕೊನೆಯ ವಾರ ಮತ್ತು ಚಿನ್ನ

ಮೂರು ವಾರ ಹಿಡಿದು ಖರ್ಚು ಮಾಡಿದವರೂ ಕೊನೆಯ ವಾರ ಸೋಲ್ತಾರೆ. ಅತ್ತೆಗೆ, ನಾದಿನಿಗೆ, ಪಕ್ಕದ ಮನೆಗೆ, ಅಂಗಡಿಯ ಹುಡುಗನಿಗೆ ಅಂತ ಪಟ್ಟಿ ಬೆಳೆಯುತ್ತದೆ. ಪಟ್ಟಿಯನ್ನು ಊರಲ್ಲೇ ಬರೆದು, ಹೆಸರಿನ ಮುಂದೆ ದಿರ್ಹಮ್ ಹಾಕಿ, ಮೊದಲ ವಾರವೇ ಕೊಂಡು ಮುಗಿಸಿದರೆ ಕೈ ಹತೋಟಿಯಲ್ಲಿ ಇರ್ತದೆ.

ಹೆಚ್ಚು ಜನ ಎಡವುವುದು ಚಿನ್ನದಲ್ಲಿ. "ಹೆಂಗಸರಿಗೆ 40 ಗ್ರಾಂ, ಗಂಡಸರಿಗೆ 20 ಗ್ರಾಂ ಸುಂಕ ಇಲ್ಲದೆ ತರಬಹುದು" ಎಂಬ ಮಾತು ಊರಿಡೀ ಪ್ರಚಾರದಲ್ಲಿದೆ. ಅರ್ಧ ಮಾತ್ರ ನಿಜ. ಆ ರಿಯಾಯಿತಿ ಒಂದು ವರ್ಷಕ್ಕಿಂತ ಹೆಚ್ಚು ವಿದೇಶದಲ್ಲಿ ವಾಸವಿದ್ದು ಬರುವವರಿಗೆ. ಒಂದು ತಿಂಗಳ ರಜೆಗೆ ಹೋದವರಿಗೆ ಅದು ಸಿಗುವುದಿಲ್ಲ. ಸುಂಕ ಕಟ್ಟಬೇಕು, ಮುಚ್ಚಿಟ್ಟರೆ ಮುಟ್ಟುಗೋಲು. ಇಲ್ಲಿಂದ ಮೈಮೇಲೆ ಹಾಕಿಕೊಂಡು ಹೋಗುವ ಒಡವೆಯ ಬಿಲ್ಲು, ಫೋಟೋ ಇಟ್ಟುಕೊಳ್ಳುವುದು ಒಳ್ಳೇದು. ಹೊರಡುವಾಗ ಕಸ್ಟಮ್ಸ್‌ನಲ್ಲಿ ತೋರಿಸಿ ರಫ್ತು ಪ್ರಮಾಣಪತ್ರ ಪಡೆದರೆ ಬರುವಾಗ ತಕರಾರಿಲ್ಲ. ಫ್ಲ್ಯಾಟ್ ಟಿವಿಗೂ ಬ್ಯಾಗೇಜ್ ರಿಯಾಯಿತಿ ಇಲ್ಲ. ಉಳಿದ ಸಾಮಾನಿಗೆ ಇರುವ ಮೌಲ್ಯದ ಮಿತಿ ತಲಾ ಲೆಕ್ಕದ್ದು, ನಾಲ್ವರದ್ದು ಕೂಡಿಸಿ ಒಂದೇ ದುಬಾರಿ ವಸ್ತು ತರಲು ಆಗುವುದಿಲ್ಲ.

ಒಂದು ಉಳಿತಾಯ ಉಂಟು. ಯುಎಇಯಲ್ಲಿ 2018ರಿಂದ ಶೇ. 5 ವ್ಯಾಟ್ ಇದೆ. ಯೋಜನೆಗೆ ಸೇರಿದ ಅಂಗಡಿಯಲ್ಲಿ 250 ದಿರ್ಹಮ್‌ಗೆ ಕಡಿಮೆ ಇಲ್ಲದ ಬಿಲ್ ಆದರೆ ಪಾಸ್‌ಪೋರ್ಟ್ ತೋರಿಸಿ ಟ್ಯಾಕ್ಸ್ ಫ್ರೀ ಬಿಲ್ ಕೇಳಬೇಕು. ತೆರಿಗೆಯ ದೊಡ್ಡ ಭಾಗ, ಬಿಲ್ಲಿಗೆ 4.80 ದಿರ್ಹಮ್ ಶುಲ್ಕ ಕಳೆದು, ವಿಮಾನ ನಿಲ್ದಾಣದಲ್ಲಿ ವಾಪಸ್ ಸಿಗುತ್ತದೆ. 1,050 ದಿರ್ಹಮ್ ಬಿಲ್ಲಿಗೆ 900 ರೂಪಾಯಿಗೂ ಮೇಲೆ. ಅಂಗಡಿಯಲ್ಲಿ ಬಿಲ್ ಮಾಡುವಾಗಲೇ ಕೇಳದಿದ್ದರೆ ಮತ್ತೆ ಸಿಗದು.

ವೀಸಾ ಮುಗಿದ ಮೇಲೆ ಉಳಿದರೆ ತಲೆಗೆ ದಿನಕ್ಕೆ 50 ದಿರ್ಹಮ್ ದಂಡ. ನಾಲ್ವರಿಗೆ ದಿನಕ್ಕೆ 5,000 ರೂಪಾಯಿ. ತಿರುಗಿ ಬರುವ ಟಿಕೆಟನ್ನು ವೀಸಾದ ಕೊನೆಯ ದಿನಕ್ಕೆ ಇಡದೆ ಎರಡು ದಿನ ಮೊದಲೇ ಇಡಬೇಕು.

ಅಂಗಡಿಗೆ ಬಾಗಿಲು ಹಾಕಿದರೆ

ಅಂಗಡಿಯವರಿಗೆ ಇನ್ನೊಂದು ಪುಟ ಬೇಕು. ತಿಂಗಳು ಬಾಗಿಲು ಹಾಕಿದರೂ ಬಾಡಿಗೆ, ಕರೆಂಟು, ಸಂಘದ ಕಂತು, ಪಿಗ್ಮಿ ನಿಲ್ಲುವುದಿಲ್ಲ. ಅದನ್ನು ಕೈಖರ್ಚಿನ ಒಟ್ಟಿಗೆ ಬೆರೆಸದೆ ಬೇರೆ ಇಡಬೇಕು. ಕಾಂಪೊಸಿಷನ್‌ನಲ್ಲಿರುವವರು ಜನವರಿಯಿಂದ ಮಾರ್ಚ್‌ವರೆಗಿನ ಸಿಎಂಪಿ-08 ಅನ್ನು ಎಪ್ರಿಲ್ 18ರೊಳಗೆ ಹಾಕಬೇಕು, ಅದು ಹೊರಡುವ ಗಡಿಬಿಡಿಯ ಹೊತ್ತು. ರೆಗ್ಯುಲರ್‌ನವರು ವ್ಯಾಪಾರ ಇಲ್ಲದಿದ್ದರೂ ನಿಲ್ ರಿಟರ್ನ್ ಹಾಕಲೇಬೇಕು, ತಪ್ಪಿದರೆ ದಿನಕ್ಕೆ 20 ರೂಪಾಯಿ ದಂಡ. ಒಟಿಪಿ ಬರುವ ಸಿಮ್‌ಗೆ ರೋಮಿಂಗ್ ಇದೆಯಾ ಎಂದೂ ನೋಡಿಕೊಳ್ಳಬೇಕು.

ಹೊರಟ ಮೇಲೆ ಕೆಲಸ ಇಷ್ಟೇ. ರಾತ್ರಿ ಮಲಗುವ ಮೊದಲು ಅಂಗಡಿಯ ಪುಸ್ತಕದ ಹಾಗೆ ಆ ದಿನದ ಖರ್ಚು ಬರೆಯುವುದು. ಹತ್ತನೇ ದಿನ ಒಟ್ಟು ಹಾಕಿ ನೋಡುವುದು. ಹೆಚ್ಚಾಗಿದ್ದರೆ ಒಂದು ದೊಡ್ಡ ಟಿಕೆಟಿನ ದಿನವನ್ನು ಆಗಲೇ ಬಿಡುವುದು, ಇಪ್ಪತ್ತೈದನೇ ದಿನ ಬಿಡಲು ಏನೂ ಉಳಿದಿರುವುದಿಲ್ಲ. ದಿರ್ಹಮ್ ಮಿಕ್ಕಿದರೆ 2,000 ಡಾಲರ್ ಮೌಲ್ಯದವರೆಗೆ ಮುಂದಿನ ಪ್ರವಾಸಕ್ಕೆ ಇಟ್ಟುಕೊಳ್ಳಬಹುದು, ಅದಕ್ಕಿಂತ ಹೆಚ್ಚಿದ್ದರೆ ಬಂದ 180 ದಿನದೊಳಗೆ ಬ್ಯಾಂಕಿಗೋ ಮನಿ ಚೇಂಜರ್‌ಗೋ ಕೊಡಬೇಕು. ಮುಟ್ಟದೆ ಉಳಿದ ಆ 1,000 ದಿರ್ಹಮನ್ನು ರೂಪಾಯಿ ಮಾಡಿದರೆ ಜೂನ್‌ನಲ್ಲಿ ಮಕ್ಕಳ ಪುಸ್ತಕ, ಕೊಡೆ, ಸಮವಸ್ತ್ರಕ್ಕೆ ಆಯಿತು.